ಬೀದಿಗೆಲ್ಲ ಒಂದೇ ಕೋಟು

ದಾರದಕ್ಕ ಕಂಪ್ಯೂಟರಿನ ಮೇಲೆ ಹೊದಿಸಿದ್ದ ಹಳೇ ದುಪ್ಪಟಿಯನ್ನು ಎಳೆದು ಕಂಕುಳಲ್ಲಿ ಸಿಕ್ಕಿಸಿಕೊಂಡು, "ಹಚ್ಚು" ಅಂದಳು. ಮಗಳು ಮೇಜಿನಡಿ ಬಗ್ಗಿ ಸ್ವಿಚ್ಚು ಒತ್ತಿದಳು. ಡಬ್ಬ ಒಮ್ಮೆ ಕೆಮ್ಮಿ, ಆಮೇಲೆ ಗೊರ್ರ್ ಅಂತ ಫ್ಯಾನು ತಿರುಗಿಸಲು ಶುರು ಮಾಡಿತು. ದಿನಾ ಬೆಳಗ್ಗೆ ಈ ಸದ್ದು ಕೇಳಿದೊಡನೆ ‘ಎದ್ದಿತು ನೋಡು ಸವತಿ’ ಅಂತ ಬೈಯುತ್ತಿದ್ದವಳು ದಾರದಕ್ಕ. ಇವತ್ತು ಬೈಯಲಿಲ್ಲ.

ಹೊರಗಿನ ಕೋಣೆಯಲ್ಲಿ, ಹೊಲಿಗೆ ಮಷೀನುಗಳನ್ನೆಲ್ಲ ಗೋಡೆಗೆ ಒತ್ತರಿಸಿ ಮಾಡಿದ ಜಾಗದಲ್ಲಿ, ಅವಳ ಗಂಡ ಮಲಗಿದ್ದ. ಹೊಲಿಗೆ ಮಷೀನು ರಿಪೇರಿ ಮಾಡುತ್ತಿದ್ದದ್ದಕ್ಕೆ ಬೀದಿಗೆಲ್ಲ ಅವನು ಮಷೀನಣ್ಣ. ಅದೇ ಮನೆಯ ಕಿಟಕಿಯಲ್ಲಿ ದಾರ, ಗುಂಡಿ, ಸೂಜಿ ಮಾರುತ್ತಿದ್ದದ್ದಕ್ಕೆ ಅವಳು ದಾರದಕ್ಕ. ನಿನ್ನೆ ಸಂಜೆ ಒಂದು ಮಷೀನಿಗೆ ಎಣ್ಣೆ ಬಿಟ್ಟು, ಚಕ್ರ ತಿರುಗಿಸಿ, ‘ಹೂಂ, ಓಡುತ್ತೆ’ ಅಂದು ಗೋಡೆಗೆ ಒರಗಿ ಕೂತವನು ಹಾಗೇ ಹೋಗಿಬಿಟ್ಟಿದ್ದ. ಎಪ್ಪತ್ತು ದಾಟಿತ್ತು. ಯಾರ ಕೈಯಲ್ಲೂ ಒಂದು ಲೋಟ ನೀರು ತರಿಸಿಕೊಳ್ಳಲಿಲ್ಲ. ಹೋಗುವುದಾದರೆ ಹೀಗೆ ಹೋಗಬೇಕು ಅಂತ ಬಂದವರೆಲ್ಲ ಅಂದರು. ದಾರದಕ್ಕನಿಗೂ ಆ ಮಾತು ಸರಿ ಅನ್ನಿಸಿತ್ತು. ಒಂದು ಮಾತು ಹೇಳಿ ಹೋಗಬಹುದಿತ್ತು ಅನ್ನುವುದೊಂದೇ ಅವಳ ತಕರಾರು.

"ಇನ್ನೂ ಎಷ್ಟು ಹೊತ್ತಮ್ಮ?" ಅಂತ ಬಾಗಿಲಲ್ಲಿ ನಿಂತು ಕೇಳಿದರು ಭಾವ.

ಭಾವ ಅಂದರೆ ಮಷೀನಣ್ಣನ ಒಡಹುಟ್ಟಿದ ಅಣ್ಣ, ದೊಡ್ಡ ಕಚೇರಿಯಲ್ಲಿ ಹೆಡ್ ಕ್ಲರ್ಕ್ ಆಗಿ ನಿವೃತ್ತಿಯಾದವರು. ತಮ್ಮ ಬದುಕಿದ್ದಾಗ ಈ ಮನೆಗೆ ಬಂದರೆ ಹೊಸ್ತಿಲಲ್ಲೇ ನಿಂತು, ಎಣ್ಣೆ ವಾಸನೆಗೆ ಮೂಗು ಹಿಡಿದು, ‘ಅಂಗಿ ಹಾಕ್ಕೊಳ್ಳೋ, ಬನಿಯನ್ನಲ್ಲೇ ಕೂತಿರ್ತೀಯಲ್ಲ’ ಅಂತ ಒಂದು ಬುದ್ಧಿಮಾತು ಬಿಸಾಕಿ ಹೋಗುತ್ತಿದ್ದ ಮನುಷ್ಯ. ಇವತ್ತು ಎಲ್ಲರಿಗಿಂತ ಮೊದಲು ಬಂದಿದ್ದರು, ಅಂಚಿಗೆ ಚಿನ್ನದ ಬಣ್ಣ ಬಳಿದ ದೊಡ್ಡ ಫ್ರೇಮು ಹಿಡಿದುಕೊಂಡು. ಬದುಕಿದ್ದಾಗ ಕುಡಿಯಲು ನೀರು ಕೇಳದವರು ಸತ್ತಾಗ ಫ್ರೇಮು ಹೊತ್ತು ಬರುವುದು ದೊಡ್ಡ ಮನುಷ್ಯರ ರೀತಿ. ಆದರೆ ಒಂದು ನ್ಯಾಯದ ಮಾತು ಹೇಳಬೇಕು: ಭಾವನ ಕಣ್ಣು ಕೆಂಪಾಗಿತ್ತು, ಮತ್ತು ಆ ಫ್ರೇಮಿನ ಗಾಜನ್ನು ಅವರು ತಮ್ಮ ಕರವಸ್ತ್ರದಲ್ಲಿ ಮತ್ತೆ ಮತ್ತೆ ಒರೆಸುತ್ತಲೇ ಇದ್ದರು.

ಫ್ರೇಮು ಬಂದಿತ್ತು, ಒಳಗೆ ಹಾಕಲು ಫೋಟೋ ಇರಲಿಲ್ಲ. ಊಟದ ಹೊತ್ತು ಕಳೆದ ಮೇಲೆ ಮಸಾಣಕ್ಕೆ ಒಯ್ಯುವ ಗಾಡಿ ಬರುತ್ತದೆ. ಅಷ್ಟರೊಳಗೆ ತಮ್ಮನ ತಲೆಯ ಹತ್ತಿರ ಒಂದು ಫೋಟೋ ಇಡದಿದ್ದರೆ ಬಂದವರು ಏನಂದುಕೊಂಡಾರು ಅನ್ನುವುದು ಭಾವನ ಚಿಂತೆ. ದಾರದಕ್ಕನ ಚಿಂತೆ ಬೇರೆ. ಮಲಗಿದ ಗಂಡನ ಮುಖ ಒಂದೇ ರಾತ್ರಿಗೆ ಯಾರೋ ಅಧಿಕಾರಿಯ ಮುಖದ ಹಾಗೆ ಬಿಗಿದುಕೊಂಡಿತ್ತು. ಬೀದಿಯವರು ಕಡೆಯ ಸಲ ನೋಡಿ ಹೋಗಬೇಕಾದದ್ದು ಆ ಮುಖವನ್ನಲ್ಲ, ಅವನು ಹೇಗಿದ್ದನೋ ಹಾಗೆ ಅವನನ್ನು ನೋಡಿ ಹೋಗಬೇಕು ಅಂತ ಅವಳಿಗೆ ಹಟ ಬಂದಿತ್ತು.

ಮಗಳು ಬೆಳಗ್ಗೆಯಿಂದ ತನ್ನ ಫೋನನ್ನು ಜಾಲಾಡಿದ್ದಳು. ಅಪ್ಪನ ಮೊಣಕೈ ಸಿಕ್ಕಿತು, ಬೆನ್ನು ಸಿಕ್ಕಿತು, ಬಾಯಿತುಂಬ ಏನೋ ತುಂಬಿಕೊಂಡು ಪಕ್ಕಕ್ಕೆ ತಿರುಗಿದ ಒಂದು ಕೆನ್ನೆ ಸಿಕ್ಕಿತು. ಯಾರು ಫೋನು ಎತ್ತಿದರೂ ‘ಇತ್ತ ಕೊಡು, ನಾನು ತೆಗೀತೀನಿ’ ಅಂತ ಕಸಿದುಕೊಳ್ಳುವವನ ಫೋಟೋ ಬರುವುದಾದರೂ ಹೇಗೆ? ಪೂರ್ತಿ ಮುಖ ಅಂತ ಇದ್ದದ್ದು ಗುರುತಿನ ಚೀಟಿಯಲ್ಲಿ ಮಾತ್ರ. ಯಾವುದೋ ಕಚೇರಿಯವನು ಹೊಡೆದದ್ದು. ಅದರಲ್ಲಿ ಮಷೀನಣ್ಣ ಕೋಳಿ ಕದ್ದು ಸಿಕ್ಕಿಬಿದ್ದವನ ಹಾಗಿದ್ದ.

"ಅದೆಲ್ಲ ಯಾಕೆ? ನಾನೇ ತೆಗೆದಿರೋವು ಬೇಕಾದಷ್ಟಿವೆ" ಅಂದಳು ದಾರದಕ್ಕ. "ಫೋಟೋ ತೆಗೆಸೋಕೆ ಬಂದ ಒಂದೊಂದು ಗಿರಾಕಿಗೂ ಮುಂಚೆ, ಬೆಳಕು ನೋಡೋಕೆ ಅಂತ ಇವರದೇ ಒಂದೊಂದು ತೆಗೆದಿದ್ದೀನಿ. ಎಲ್ಲ ಅದರೊಳಗೇ ಇದೆ."

ಭಾವ ಮಗಳ ಮುಖ ನೋಡಿದರು. ಮಗಳು ಯಾಕೋ ಕೀಲಿಮಣೆ ನೋಡುತ್ತಿದ್ದಳು.

"ನಿಮಗೆ ಫೋಟೋ ತೆಗೆಯೋಕೆ ಬರುತ್ತೇನಮ್ಮ?"

"ನೋಡಿ ಬೇಕಾದ್ರೆ" ಅಂದಳು ದಾರದಕ್ಕ. ಅವಳ ದನಿಯಲ್ಲಿ ಸ್ವಲ್ಪ ಜಂಬವೇ ಇತ್ತು.

*

ಆ ಕಂಪ್ಯೂಟರು ಈ ಮನೆಗೆ ಬಂದಾಗ ಅದಕ್ಕೆ ಉಸಿರೇ ಇರಲಿಲ್ಲ. ಬಟ್ಟೆ ಕಾರ್ಖಾನೆಯೊಂದಕ್ಕೆ ರಿಪೇರಿಗೆ ಹೋಗಿದ್ದ ಮಷೀನಣ್ಣ, ಅಲ್ಲಿ ಕಸದ ಜೊತೆ ಹೊರಗೆಸೆದಿದ್ದ ಡಬ್ಬವನ್ನು ಕೇಳಿ ಪಡೆದು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಬಂದಿದ್ದ. ಮಗಳು ಆಗಷ್ಟೇ ಒಂದು ಪ್ರೆಸ್ಸಿನಲ್ಲಿ ಪುಸ್ತಕದ ಪುಟ ಕಟ್ಟುವ ಕೆಲಸಕ್ಕೆ ಸೇರಿದ್ದಳು. ಅವಳು ನೋಡಿ, ಇದು ಮುದಿ ಎತ್ತು, ಅಂಗಡಿಯ ಹೊಸ ಸಾಫ್ಟ್‌ವೇರ್ ಹೇರಿದರೆ ಮುಗ್ಗರಿಸಿ ಬೀಳುತ್ತೆ ಅಂದಳು. ಒಂದು ವಾರ ಬಿಟ್ಟು ಪ್ರೆಸ್ಸಿನಿಂದ ಸಿ.ಡಿ. ತಂದಳು. ಲಿನಕ್ಸ್ ಅಂತ ಹೆಸರು. ಹಾಕಿದರೆ ಪರದೆಯ ಮೇಲೆ ಹೊಟ್ಟೆ ಬಿಟ್ಟುಕೊಂಡು ಕೂತ ಹಕ್ಕಿಯೊಂದು ಬಂತು.

"ನಿಮ್ಮ ಥರಾನೇ ಇದೆ" ಅಂದಳು ದಾರದಕ್ಕ ಗಂಡನಿಗೆ.

ಪುಕ್ಕಟೆಯಂತೆ ಅಂತ ಕೇಳಿ ಅವಳಿಗೆ ಅನುಮಾನ. ಪುಕ್ಕಟೆ ಸಿಕ್ಕಿದ ಎಮ್ಮೆ ಹಾಲು ಕೊಡುವುದಿಲ್ಲ, ಒದೆ ಕೊಡುತ್ತೆ ಅನ್ನುವುದು ಅವಳ ಅನುಭವ. ಮಗಳು ಬಿಡಿಸಿ ಹೇಳಿದಳು: ಯಾರ್ಯಾರೋ ಎಲ್ಲೆಲ್ಲೋ ಕೂತು ಬರೆದದ್ದು ಇದು. ಯಾರು ಬೇಕಾದರೂ ಒಳಗೆ ಬಿಚ್ಚಿ ನೋಡಬಹುದು, ಹಿಡಿಸದಿದ್ದರೆ ತಿದ್ದಬಹುದು, ತಿದ್ದಿದ್ದನ್ನು ಪಕ್ಕದವರಿಗೂ ಕೊಡಬಹುದು. ದಾರದಕ್ಕ ‘ಹೌದಾ’ ಅಂದು ಎದ್ದುಹೋದಳು. ಮಷೀನಣ್ಣ ಮಾತ್ರ ತಟ್ಟನೆ ಹಿಡಿದುಕೊಂಡ. ಅವನ ಜೀವಮಾನದ ಜಗಳವೇ ಅದಾಗಿತ್ತಲ್ಲ. ಈಗಿನ ಹೊಲಿಗೆ ಮಷೀನಿಗೆ ಸ್ಕ್ರೂ ಇಟ್ಟಿರುವುದಿಲ್ಲ, ಮುಚ್ಚಳ ಅಂಟಿಸಿಬಿಟ್ಟಿರುತ್ತಾರೆ, ಕೆಟ್ಟರೆ ಕಂಪನಿಯವನ ಕಾಲೇ ಹಿಡಿಯಬೇಕು. ಕೊಂಡುಕೊಂಡವನಿಗೆ ಒಳಗೆ ನೋಡುವ ಹಕ್ಕಿಲ್ಲ ಅಂದರೆ ಅದು ಮಷೀನೋ, ಅತ್ತೆ ಮನೆಯ ಪೆಟ್ಟಿಗೆಯೋ ಅಂತ ಅವನು ಸಿಕ್ಕಿದವರನ್ನೆಲ್ಲ ಕೇಳುತ್ತಿದ್ದ. ಪರದೆಯ ಮೇಲಿನ ಹಕ್ಕಿಯನ್ನು ನೋಡಿ, "ಇದಕ್ಕೆ ಸ್ಕ್ರೂ ಇದೆ" ಅಂದ. ಅಷ್ಟೇ. ಅವತ್ತಿಂದ ಅವನು ಅದರ ಕಡೆಯವನು. ಹಾಗಂತ ಅದರ ಒಳಗನ್ನು ಅವನು ಒಂದು ದಿನವೂ ಬಿಚ್ಚಿ ನೋಡಿದವನಲ್ಲ, ನೋಡಿದ್ದರೂ ಒಂದಕ್ಷರ ತಿಳಿಯುತ್ತಿರಲಿಲ್ಲ. ಬೇಕಾದರೆ ನೋಡಬಹುದು ಅನ್ನುವುದೇ ಅವನಿಗೆ ಸಾಕಾಗಿತ್ತು.

ಕ್ಯಾಮೆರಾ ಬಂದದ್ದು ಹಳೇ ಸಾಮಾನಿನ ಸಂತೆಯಿಂದ. ಮೂತಿಗೆ ಎರಡು ತಟ್ಟಿದರೆ ಮಾತ್ರ ಲೆನ್ಸು ಹೊರಗೆ ಬರುವ ಪುಟ್ಟ ಡಿಜಿಟಲ್ ಕ್ಯಾಮೆರಾ. ಅದರಲ್ಲಿ ಮಷೀನಣ್ಣ ಮೊದಲು ಮಷೀನುಗಳ ಫೋಟೋ ತೆಗೆದ, ಬಿಚ್ಚಿದ ಭಾಗ ಮತ್ತೆ ಎಲ್ಲಿ ಕೂರಬೇಕು ಅಂತ ನೆನಪಿಗೆ. ಆಮೇಲೆ ಎದುರು ಮನೆಯ ಕಟಿಂಗ್ ಶಾಪಿನವನು ಲೈಸೆನ್ಸಿಗೆ ಫೋಟೋ ಬೇಕು ಅಂತ ಬಂದ. ಬಂದವನು ಸುಮ್ಮನಿರಲಾರದೆ, ಮಷೀನಣ್ಣ, ಒಂದು ಕೋಟು ಇರೋ ಥರ ಮಾಡೋಕಾಗುತ್ತಾ ಅಂತ ಕೇಳಿದ.

ಆಗುತ್ತೆ ಅಂದ ಮಷೀನಣ್ಣ. ಆಗುತ್ತೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ. ಬೀದಿ ತುದಿಯ ಟೈಲರಮ್ಮನ ಅಂಗಡಿಯಲ್ಲಿ ಯಾರದೋ ಕೋಟು ಹೊಲಿದು ತೂಗುಹಾಕಿದ್ದರು. ಅದನ್ನು ಹಾಗೇ ತೂಗುಬಿಟ್ಟಲ್ಲೇ ಫೋಟೋ ಹೊಡೆದುಕೊಂಡು ಬಂದ. ಫೋಟೋ ತಿದ್ದುವ ಪ್ರೋಗ್ರಾಮೂ ಆ ಪುಕ್ಕಟೆ ಸಿ.ಡಿ.ಯಲ್ಲೇ ಇತ್ತು. ಮೂರು ದಿನ ಅದರ ಮುಂದೆ ಕೂತು, ಮಗಳನ್ನು ಕಾಡಿ, ಕೋಟಿನ ಸುತ್ತ ಕೂದಲೆಳೆಯಷ್ಟೂ ಬಿಡದೆ ಕತ್ತರಿಸಿ, ಕಟಿಂಗಿನವನ ತಲೆಯನ್ನು ಅದರ ಮೇಲೆ ಕೂರಿಸಿದ. ಕಟಿಂಗಿನವನು ನೋಡಿ, ಇದು ನಾನಾ, ಜಡ್ಜಾ ಅಂದ.

ಮುಗಿಯಿತು. ಬೀದಿಗೆ ಬೀದಿಯೇ ಸಾಲುಗಟ್ಟಿತು. ಕೆಲಸದ ಅರ್ಜಿಗೆ ಕೋಟು, ಹೆಣ್ಣು ನೋಡುವುದಕ್ಕೆ ಕೋಟು, ತೀರಿಕೊಂಡ ಅಪ್ಪಂದಿರಿಗೆ ಗೋಡೆಯ ಮೇಲೆ ಕೋಟು. ತರಕಾರಿ ಗಾಡಿಯವಳು, ನನಗೇನು ಕಮ್ಮಿ ಅಂತ ಬಂದು ಅವಳೂ ಹಾಕಿಸಿಕೊಂಡು ಹೋದಳು. ಎಲ್ಲರದೂ ಅದೇ ಕೋಟು. ಅದರ ಎರಡನೇ ಗುಂಡಿ ಸಡಿಲಾಗಿ ಒಂದೇ ದಾರದಲ್ಲಿ ನೇತಾಡುತ್ತಿತ್ತು. ಎಲ್ಲರ ಎದೆಯ ಮೇಲೂ ಅದು ಹಾಗೇ ನೇತಾಡಿತು. ಟೈಲರಮ್ಮ ಬಂದು, ನನ್ನ ಮಾನ ಕಳೀಬೇಡ, ಅದನ್ನು ಕಂಪ್ಯೂಟರಲ್ಲೇ ಸರಿಮಾಡು ಅಂತ ಗೋಗರೆದಳು. ಗುಂಡಿ ಹೊಲಿಯೋದು ನಿನ್ನ ಕೆಲಸ, ನನ್ನದಲ್ಲ ಅಂತ ಮಷೀನಣ್ಣ ಕಡೆತನಕ ಅದನ್ನು ಮುಟ್ಟಲಿಲ್ಲ.

*

ಮಗಳು ಒಂದು ಫೋಲ್ಡರು ತೆರೆದಳು. ‘ಬೆಳಕು’ ಅಂತ ಅದರ ಹೆಸರು. ಪರದೆಯ ತುಂಬ ಸಣ್ಣ ಸಣ್ಣ ಚಿತ್ರಗಳು ಉದುರಿದವು. ದಾರದಕ್ಕ ಕನ್ನಡಕ ಹಾಕಿಕೊಂಡು ಮುಂದಕ್ಕೆ ಬಾಗಿದಳು. ಭಾವ ಫ್ರೇಮನ್ನು ಎದೆಗವಚಿಕೊಂಡು ಒಳಗೆ ಬಂದರು. ಅವರ ಹಿಂದೆ ಕಟಿಂಗಿನವನು, ಅವನ ಹಿಂದೆ ಟೈಲರಮ್ಮ.

ಮೊದಲನೇ ಫೋಟೋ ದೊಡ್ಡದಾಯಿತು. ಬಿಳೀ ಪರದೆ, ಸ್ಟೂಲು, ಸ್ಟೂಲಿನ ಮೇಲೆ ಬನಿಯನ್ನು, ಮಂಡಿಯ ಮೇಲೆ ಎರಡು ಕೈ. ಕುತ್ತಿಗೆಯವರೆಗೆ ಎಲ್ಲವೂ ಇತ್ತು. ಅಲ್ಲಿಗೆ ಫೋಟೋ ಮುಗಿದಿತ್ತು.

"ಇದು ಹಾಳಾಗಿದೆ. ಮುಂದಿಂದು ನೋಡು" ಅಂದಳು ದಾರದಕ್ಕ.

ಮುಂದಿನದರಲ್ಲಿ ಬನಿಯನ್ನು ಬೇರೆ, ಕುತ್ತಿಗೆ ಅದೇ. ಅದರ ಮುಂದಿನದರಲ್ಲಿ ಕುತ್ತಿಗೆಯೂ ಇರಲಿಲ್ಲ. ಒಂದರಲ್ಲಿ ಗದ್ದ ಬಂತು, ಎಲ್ಲರೂ ಉಸಿರು ಬಿಗಿಹಿಡಿದರು, ಗದ್ದದ ಮೇಲೆ ತುಟಿಯ ಕೆಳಗಿನ ಅಂಚು, ಅಷ್ಟೇ. ಕಾಲು ಕೆರೆದುಕೊಳ್ಳಲು ಬಗ್ಗಿದ್ದಾಗ ಹೊಡೆದದ್ದರಲ್ಲಿ ಅರ್ಧ ಕಿವಿ. ಮಗಳು ಒತ್ತುತ್ತಾ ಹೋದಳು. ಬೇಸಿಗೆಯ ಬನಿಯನ್ನು, ಚಳಿಯ ಸ್ವೆಟರು, ಒಂದು ಸಲ ಯಾರದೋ ಮದುವೆಗೆ ಹೊರಟ ಇಸ್ತ್ರಿ ಅಂಗಿ. ವರ್ಷ ಕಳೆದಂತೆ ಹೊಟ್ಟೆ ಬೆಳೆಯಿತು, ಆಮೇಲೆ ಇಳಿಯಿತು, ಕೈಯ ಮೇಲಿನ ಕೂದಲು ಬೆಳ್ಳಗಾಯಿತು. ಒಂದಕ್ಕಾದರೂ ತಲೆ ಬರಬೇಕಲ್ಲ.

ಕಟಿಂಗಿನವನಿಗೆ ಕೆಮ್ಮು ಬಂತು. ಅದು ಕೆಮ್ಮಲ್ಲ ಅಂತ ಎಲ್ಲರಿಗೂ ಗೊತ್ತಾಯಿತು.

"ನಿಮ್ಮ ಕೈಯಾರೆ ನನ್ನ ತಮ್ಮನ ರುಂಡ ಹಾರಿಸಿದ್ದೀರಲ್ಲಮ್ಮ" ಅಂದರು ಭಾವ. "ಇಷ್ಟು ವರ್ಷ. ಒಂದು ಸಲಾನೂ ಗುರಿ ತಪ್ಪಿಲ್ಲ."

ದಾರದಕ್ಕ ಕನ್ನಡಕ ತೆಗೆದು ದುಪ್ಪಟಿಯ ಅಂಚಿನಲ್ಲಿ ಒರೆಸಿದಳು, ಮತ್ತೆ ಹಾಕಿಕೊಂಡು ನೋಡಿದಳು. ನಿನ್ನೆ ಸಂಜೆಯಿಂದ ಬಾರದಿದ್ದ ಸಂಕಟ ಈಗ ಬಂತು. ಗಂಡ ಹೋದದ್ದು ಅವನ ಕೈಯಲ್ಲಿರಲಿಲ್ಲ, ಇವಳ ಕೈಯಲ್ಲೂ ಇರಲಿಲ್ಲ. ಆದರೆ ಅವನ ಮುಖ ಇವಳ ಕೈಯಲ್ಲಿತ್ತು. ಎಷ್ಟೋ ವರ್ಷ, ವಾರಕ್ಕೆ ಎರಡು ಸಲ, ಮೂರು ಸಲ ಇವಳ ಕೈಯಲ್ಲೇ ಇತ್ತು. ಒಂದನ್ನೂ ಉಳಿಸಿಕೊಳ್ಳಲಿಲ್ಲ.

*

ಗಿರಾಕಿ ಕೂತ ಮೇಲೆ ಬೆಳಕು ಹುಡುಕಬಾರದು, ಅಷ್ಟರಲ್ಲಿ ಮುಖ ಆರಿಹೋಗುತ್ತೆ ಅನ್ನುವುದು ಮಷೀನಣ್ಣನ ಶಾಸ್ತ್ರ. ಅದಕ್ಕೆ ಅವನು ಗಿರಾಕಿಯನ್ನು ಹೊರಗಿನ ಬೆಂಚಿನ ಮೇಲೆ ತಲೆ ಬಾಚಿಕೊಳ್ಳಲು ಬಿಟ್ಟು, ಒಳಗೆ ತಾನೇ ಸ್ಟೂಲಿನ ಮೇಲೆ ಕೂತು ಹೆಂಡತಿಯನ್ನು ಕರೆಯುತ್ತಿದ್ದ. ಅವಳು ದಾರದ ಉಂಡೆ ಕೆಳಗಿಟ್ಟು, ಗೊಣಗುತ್ತಾ ಬರುತ್ತಿದ್ದಳು. ಕ್ಯಾಮೆರಾವನ್ನು ಎಳೇ ಮಗುವಿನ ಹಾಗೆ ಎದೆಯ ಹತ್ತಿರ ಎರಡು ಕೈಯಲ್ಲೂ ಹಿಡಿದುಕೊಂಡು ನಿಲ್ಲುತ್ತಿದ್ದಳು. ಅದರ ಹಿಂದೆ ಬೆಂಕಿಪೊಟ್ಟಣದಷ್ಟು ಪರದೆ ಇದೆ, ಅದರಲ್ಲಿ ನೋಡಿ ಒತ್ತಬೇಕು ಅಂತ ಅವಳಿಗೆ ತೋಚಿದ್ದೇ ಇಲ್ಲ. ಎದುರಿಗೇ ಮನುಷ್ಯ ಕೂತಿರುವಾಗ ಪೊಟ್ಟಣದೊಳಗೆ ಯಾಕೆ ಇಣುಕಬೇಕು? ಅವನನ್ನೇ ನೆಟ್ಟ ನೋಟದಲ್ಲಿ ನೋಡಿ, ಸರಿಯಾಗಿ ಕೂತ ಅನ್ನಿಸಿದ ಮೇಲೆ ಒತ್ತುತ್ತಿದ್ದಳು.

ಆ ಹೊತ್ತಿನಲ್ಲೇ ಅವನಿಗೆ ಮಾತು ಬರುತ್ತಿದ್ದದ್ದು. ದಿನವಿಡೀ ಮಷೀನಿನೊಳಗೆ ತಲೆ ಹುದುಗಿಸಿ ಕೂರುವವನು, ಸ್ಟೂಲು ಹತ್ತಿದ ಕೂಡಲೇ ಏನಾದರೊಂದು ಎತ್ತುತ್ತಿದ್ದ. ಮಗಳ ಸಂಬಳ ಹೆಚ್ಚಾಯಿತಂತೆ. ಅಣ್ಣನಿಗೆ ಮಂಡಿ ನೋವಂತೆ, ಫೋನು ಮಾಡಿದರೆ ಎತ್ತುವುದಿಲ್ಲ, ಎತ್ತಿದರೆ ಬೈಯುತ್ತಾನೆ, ಬೈದರೆ ಆರಾಮಾಗಿದ್ದಾನೆ ಅಂತ ಅರ್ಥ. ನಿನ್ನ ಕಣ್ಣಿನ ಕೆಳಗೆ ಕಪ್ಪಾಗಿದೆ, ಇವತ್ತು ಬೇಗ ಮಲಗು. ಅಲ್ಲಾಡಬೇಡಿ ರೀ ಅಂತ ಅವಳು ಗದರಿಸುತ್ತಿದ್ದಳು. ಹೊರಗೆ ಬೆಂಚಿನವನು ಕೆಮ್ಮುತ್ತಿದ್ದ.

ಒತ್ತಿದ ಮೇಲೆ ಅವನು ಕ್ಯಾಮೆರಾ ಇಸಿದುಕೊಂಡು, ಬೆಂಕಿಪೊಟ್ಟಣ ನೋಡಿ, ಮೀಸೆಯಡಿ ಏನೋ ನುಂಗಿಕೊಂಡ ಹಾಗೆ ಮಾಡಿ ಹೇಳುತ್ತಿದ್ದದ್ದು ಒಂದೇ ಮಾತು: "ಬೆಳಕು ಸರಿಯಾಗಿದೆ."

ಒಂದು ದಿನ ಅವಳು ಕೇಳಿಯೇ ಕೇಳಿದಳು. "ಬೆಳಕಿರಲಿ. ನೀವು ಹೇಗೆ ಬಂದಿದ್ದೀರಿ?"

"ಬನಿಯನ್ನು ಬಲು ಚೆನ್ನಾಗಿ ಬಂದಿದೆ" ಅಂದ ಮಷೀನಣ್ಣ. "ಒಗೆದವಳನ್ನ ಮೆಚ್ಚಬೇಕು."

ಅವಳು ಹಿಗ್ಗಿ ಹೀರೇಕಾಯಿಯಾಗಿ ದಾರದ ಅಂಗಡಿಗೆ ವಾಪಸು ಹೋಗಿದ್ದಳು.

*

ಭಾವ ಸುಮ್ಮನೆ ಕೂರುವ ಜಾತಿಯಲ್ಲ. ಗುರುತಿನ ಚೀಟಿಯ ಮುಖ ತೆಗೆದುಕೋ, ಬೀದಿಗೆಲ್ಲ ಹಾಕಿದ ಕೋಟು ಇದೆಯಲ್ಲ, ಅದರ ಮೇಲೆ ಕೂರಿಸು ಅಂತ ಮಗಳಿಗೆ ಅಪ್ಪಣೆ ಮಾಡಿದರು. ಮಗಳು ಅಮ್ಮನ ಕಡೆ ನೋಡಿದಳು. ದಾರದಕ್ಕ ‘ಮಾಡು’ ಅನ್ನುವ ಹಾಗೆ ಕೈ ಆಡಿಸಿದಳು. ತಪ್ಪು ಮಾಡಿದವಳಿಗೆ ಬೇಡ ಅನ್ನುವ ಬಾಯಿ ಎಲ್ಲಿಂದ ಬರಬೇಕು?

ಅಪ್ಪನಿಂದಲೇ ಮಗಳೂ ಆ ಕೆಲಸ ಕಲಿತಿದ್ದಳು. ಕೋಟು ತೆರೆದಳು, ತಲೆ ತಂದಳು, ಕಾಲರಿನ ಹತ್ತಿರ ಸವರಿ ಸವರಿ ಕೂಡಿಸಿದಳು. ಕಣ್ಣಿನ ಕೋಳಿಕಳ್ಳನನ್ನು ಆದಷ್ಟು ಕಮ್ಮಿ ಮಾಡಿದಳು. ನೋಡನೋಡುತ್ತಾ ಪರದೆಯ ಮೇಲೆ ಒಬ್ಬ ಗೃಹಸ್ಥ ಎದ್ದು ನಿಂತ.

"ಈಗ ನೋಡು, ಹೇಗೆ ಕಾಣ್ತಾನೆ" ಅಂದರು ಭಾವ. ಅವರ ದನಿ ಒಡೆಯಿತು. ತಮ್ಮನಿಗೆ ಒಂದು ಸಲವಾದರೂ ಅಂಗಿ ತೊಡಿಸಬೇಕು ಅಂತ ಐವತ್ತು ವರ್ಷ ಹೆಣಗಿದವರು, ಕಡೆಗೆ ಕೋಟನ್ನೇ ತೊಡಿಸಿದ್ದರು.

ಕಟಿಂಗಿನವನು ಮೆಲ್ಲಗೆ, ನಮ್ಮಪ್ಪನೂ ಹೀಗೇ ಇದ್ದಾನೆ ಗೋಡೆ ಮೇಲೆ, ನಾನೂ ಹೀಗೇ ಇದ್ದೀನಿ ಲೈಸೆನ್ಸಲ್ಲಿ ಅಂದ. ಗುಂಡಿ ನೇತಾಡ್ತಿದೆ ಅಂತ ಟೈಲರಮ್ಮ ತನ್ನಷ್ಟಕ್ಕೆ ಹೇಳಿಕೊಂಡಳು.

ದಾರದಕ್ಕ ಪರದೆಯನ್ನು ನೋಡಿಯೇ ನೋಡಿದಳು. ಚೆನ್ನಾಗಿತ್ತು. ಯಾರದೋ ಮನೆಯಲ್ಲಿ ಇಟ್ಟಿದ್ದರೆ, ಯಾರೋ ಮರ್ಯಾದಸ್ಥರು ಪಾಪ ಅಂತ ದಾಟಿಕೊಂಡು ಹೋಗುತ್ತಿದ್ದಳು.

"ನಿನಗೆ ಗೊತ್ತಿತ್ತಾ?" ಅಂತ ಮಗಳನ್ನು ಕೇಳಿದಳು.

"ಏನು?"

"ನಾನು ತೆಗೆದದ್ದರಲ್ಲೆಲ್ಲ ತಲೆ ಇರಲ್ಲ ಅಂತ."

ಮಗಳು ಮೌಸಿನಿಂದ ಕೈ ತೆಗೆದಳು. ಗೊತ್ತಿತ್ತು ಅಂದಳು. ತುಂಬ ಹಿಂದೆಯೇ ನೋಡಿದ್ದಳು. ನೋಡಿ ಬಿದ್ದು ಬಿದ್ದು ನಕ್ಕಿದ್ದಳು. ಅಮ್ಮನಿಗೆ ಹೇಳಿಕೊಡಪ್ಪ, ಹಿಂದಿರೋ ಪರದೆ ನೋಡಿ ಒತ್ತು ಅಂದರೆ ಮುಗೀತಲ್ಲ ಅಂತ ಅಪ್ಪನಿಗೆ ಹೇಳಿಯೂ ಇದ್ದಳು.

"ಅದಕ್ಕೇನಂದ್ರು?"

ಮಗಳು ಅಮ್ಮನ ಕಡೆ ತಿರುಗಿ ಹೇಳಿದಳು.

"‘ಹೇಳಿಕೊಟ್ರೆ ಅದನ್ನ ನೋಡೋಕೆ ಶುರು ಮಾಡ್ತಾಳೆ ಕಣೇ. ಈಗ ನನ್ನ ನೋಡ್ತಾಳೆ. ಇರಲಿ ಬಿಡು’ ಅಂದ."

ದಾರದಕ್ಕ ದುಪ್ಪಟಿಯನ್ನು ಮಡಿಚಿದಳು, ಇನ್ನೊಂದು ಸಲ ಮಡಿಚಿದಳು, ಮಡಿಲಲ್ಲಿಟ್ಟುಕೊಂಡಳು. ಅವಳಿಗೆ ನಗು ಬಂತೋ ಅಳು ಬಂತೋ ಹೇಳುವುದು ಕಷ್ಟ. ಎರಡೂ ಒಟ್ಟಿಗೆ ಬಂದವು. ಟೈಲರಮ್ಮ ಬೆನ್ನು ಸವರಲು ಹೋದಳು. ಬೇಡ ಅಂತ ದಾರದಕ್ಕ ಅವಳ ಕೈ ಹಿಡಿದುಕೊಂಡಳು.

"ಕಳ್ಳ" ಅಂದಳು. "ಬನಿಯನ್ನು ಚೆನ್ನಾಗಿ ಬಂದಿದೆಯಂತೆ."

ಆಮೇಲೆ ಕಣ್ಣೊರೆಸಿಕೊಂಡು ಕುರ್ಚಿಯನ್ನು ಮುಂದಕ್ಕೆಳೆದುಕೊಂಡಳು. ಆ ಕೋಟು ಮುಚ್ಚು, ‘ಬೆಳಕು’ ತೆಗಿ ಅಂದಳು. ಒಂದೊಂದಾಗಿ ಮತ್ತೆ ನೋಡಿದಳು. ಈ ಸಲ ಇಲ್ಲದ್ದನ್ನು ಹುಡುಕಲಿಲ್ಲ. ಒಂದು ಫೋಟೋ ಬಂದಾಗ ನಿಲ್ಲಿಸು ಅಂದಳು. ಮಾಮೂಲಿ ಬನಿಯನ್ನು, ಭುಜದ ಹತ್ತಿರ ಅವಳೇ ಹೊಲಿದ ತೇಪೆ. ದಾರಕ್ಕೆ ಕಟ್ಟಿಕೊಂಡ ಕನ್ನಡಕ ಎದೆಯ ಮೇಲೆ. ಎಡಗೈ ಮಂಡಿಯ ಮೇಲೆ, ಎಣ್ಣೆ ಹಿಡಿದು ಕಪ್ಪಾದ ಹೆಬ್ಬೆರಳ ಉಗುರು. ಬಲಗೈ ಮಾತ್ರ ಗಾಳಿಯಲ್ಲಿತ್ತು. ಬೆರಳು ಅರ್ಧ ಬಿಚ್ಚಿದ್ದವು. ಇನ್ನೇನು ಮಾತು ತುದಿ ಮುಟ್ಟಬೇಕು, ಅಷ್ಟರಲ್ಲಿ ಅವಳು ಒತ್ತಿದ್ದಳು.

"ಇದು" ಅಂದಳು.

ಭಾವನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದ ಮೇಲೆ ಮುಖ ಕೆಂಪಾಯಿತು. ತಲೆಯಿಲ್ಲದ ಫೋಟೋ ಇಡುವುದೆಂದರೇನು, ಸತ್ತವರಿಗೆ ಮಾಡುವ ಮರ್ಯಾದೆಯೇ ಇದು, ಇಡೀ ಬೀದಿ ಬಂದು ನಗುವುದಿಲ್ಲವೇ ಅಂತ ಒಂದೇ ಉಸಿರಿನಲ್ಲಿ ಕೇಳಿದರು. ಕಚೇರಿಯಲ್ಲಿ ಗುಮಾಸ್ತರನ್ನು ನಡುಗಿಸಿದ ದನಿ ಅದು. ಹೊರಗಿನ ಕೋಣೆಯಲ್ಲಿದ್ದವರೂ ಮಾತು ನಿಲ್ಲಿಸಿದರು.

"ನಗಲಿ ಭಾವ" ಅಂದಳು ದಾರದಕ್ಕ. "ನಮ್ಮ ಯಜಮಾನರೂ ಇಷ್ಟು ವರ್ಷ ನಕ್ಕಿದ್ದಾರೆ, ನನಗೇ ಗೊತ್ತಾಗಲಿಲ್ಲ. ಆ ಕೋಟು ಹಾಕ್ಕೊಂಡವರು ಮನೆಗೊಬ್ಬರು ಸಿಗ್ತಾರೆ. ಈ ಕೈ ಇನ್ನೊಬ್ಬರದು ತೋರಿಸಿ ನೋಡೋಣ."

ಭಾವ ಪರದೆಯನ್ನು ನೋಡಿದರು. ಫ್ರೇಮನ್ನು ಮೇಜಿನ ಮೇಲೆ ಇಟ್ಟು ಬೀದಿಗೆ ಇಳಿದುಹೋದರು.

ಮನೆಯ ಪ್ರಿಂಟರು ಕಾಗದವನ್ನು ಓರೆಯಾಗಿ ಎಳೆಯುವಂಥದ್ದು. ಎಡಗಡೆ ಬೆರಳಿಟ್ಟು ತಡೆಹಿಡಿಯಬೇಕು. ದಾರದಕ್ಕನೇ ತಡೆಹಿಡಿದಳು. ಮಂಡಿ ಬಂತು, ಕೈ ಬಂತು, ತೇಪೆ ಬಂತು. ಫ್ರೇಮಿನೊಳಗೆ ಸೇರಿಸಿ ಗಂಡನ ತಲೆಯ ಹತ್ತಿರ ಸ್ಟೂಲಿನ ಮೇಲೆ ಇಟ್ಟರು.

ಫೋಟೋ ಇಟ್ಟ ಮೇಲೆ ಮೊದಲು ಬಂದವಳು ತರಕಾರಿ ಗಾಡಿಯವಳು. ಬಿಗಿದುಕೊಂಡ ಮುಖವನ್ನು ನೋಡಿ ಗಂಭೀರವಾಗಿ ನಿಂತಿದ್ದಳು. ಫ್ರೇಮು ನೋಡಿದಳು. "ಅಯ್ಯೋ, ಮಷೀನಣ್ಣ" ಅಂದವಳೇ, ನನ್ನ ತಕ್ಕಡಿ ಬೇಡ ಅಂದರೂ ಕಸಿದುಕೊಂಡು ಸರಿಮಾಡಿದ ಕೈ ಇದು ಅಂತ ಶುರು ಮಾಡಿದಳು. ಕಟಿಂಗಿನವನು ತನ್ನ ಕತ್ತರಿಯ ಕತೆ ತೆಗೆದ. ಇನ್ಯಾರೋ, ಆ ಬೆರಳು ನೋಡಿ, ‘ಅದಲ್ಲ ವಿಷಯ’ ಅನ್ನೋಕೆ ಹೊರಟಾಗ ಹೀಗೇ ಎತ್ತುತ್ತಿದ್ದರು ಅಂದರು. ಅದಕ್ಕೆ ಇನ್ನೊಬ್ಬರು, ಅಲ್ಲ, ಅದು ‘ಎಣ್ಣೆ ಬಿಟ್ಟಿದ್ದೀಯಾ’ ಅನ್ನೋ ಕೈ ಅಂದರು. ಸಾವಿನ ಮನೆಯಲ್ಲಿ ಅದರ ಮೇಲೆ ಸಣ್ಣ ಜಗಳವೇ ಆಯಿತು. ತಲೆ ಎಲ್ಲಿ ಅಂತ ಕೇಳಿದವರಿಗೆ ದಾರದಕ್ಕ ತಾನೇ ಹೇಳಿದಳು, ನಾನು ಹಾರಿಸಿದ್ದು ಅಂತ. ನಕ್ಕರು. ನಗುತ್ತಾ ಅತ್ತರು. ಗಾಡಿ ಬಂದಾಗ, ಮಷೀನುಗಳ ನಡುವೆ ಇಕ್ಕಟ್ಟಿನಲ್ಲಿ ಅವನನ್ನು ಎತ್ತಿಕೊಂಡು ಹೊರಗೆ ತರುವಾಗ, ಹುಷಾರು, ಹುಷಾರು, ಆ ಚಕ್ರಕ್ಕೆ ತಾಗಿಸಬೇಡಿ, ಎದ್ದು ಬೈತಾನೆ ಅಂತ ಟೈಲರಮ್ಮ ಹಿಂದೆ ಹಿಂದೆ ಬಂದಳು. ಎತ್ತಿದವರಲ್ಲಿ ಭಾವ ಮುಂದಿನವರಾಗಿದ್ದರು, ಮಂಡಿನೋವಿನಲ್ಲೇ.

*

ಎಲ್ಲ ಮುಗಿಸಿ ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಮಷೀನುಗಳು ಗೋಡೆಗೆ ಒತ್ತಿಕೊಂಡೇ ನಿಂತಿದ್ದವು. ನಡುವಿನ ಜಾಗ ಅಗಲವಾಗಿ ಕಾಣುತ್ತಿತ್ತು. ಮಗಳು ಫ್ರೇಮನ್ನು ಎತ್ತಿ, ಮಷೀನಿನ ಬೆಲ್ಟುಗಳನ್ನು ತೂಗುಹಾಕುತ್ತಿದ್ದ ಮೊಳೆಗೆ ಸಿಕ್ಕಿಸಿದಳು. ದಾರದಕ್ಕ ಒಳಬಾಗಿಲ ಹತ್ತಿರ, ತನ್ನ ದಾರದ ಪೆಟ್ಟಿಗೆಗೆ ಒರಗಿ ಕೂತಳು. ಕಾಲು ನೋಯುತ್ತಿತ್ತು. ಮನಸ್ಸು ಮಾತ್ರ, ತೊಳೆದು ಒಣಗಲು ಹಾಕಿದ ಹಾಗೆ ಹಗುರಾಗಿತ್ತು.

ಭಾವ ಹೊರಡಲು ಎದ್ದರು. ಮಗಳಿಗೆ ಅದು ಇದು ಹೇಳಿದರು, ಅಮ್ಮನನ್ನು ನೋಡಿಕೋ, ಏನಾದರೂ ಬೇಕಾದರೆ ಫೋನು ಮಾಡು ಅಂತ. ಚಪ್ಪಲಿ ಮೆಟ್ಟಿದರು. ಹೊಸ್ತಿಲ ತನಕ ಹೋದವರು ಅಲ್ಲಿಂದ ತಿರುಗಿ, ಚಪ್ಪಲಿ ಬಿಟ್ಟು, ಯಾರೂ ನೋಡುತ್ತಿಲ್ಲ ಅಂದುಕೊಂಡು ಕೋಣೆಯ ನಡುವಿಗೆ ಬಂದು ಫ್ರೇಮಿನ ಮುಂದೆ ನಿಂತರು.

ದಾರದಕ್ಕ ಬಾಗಿಲ ಮರೆಯಿಂದ ನೋಡುತ್ತಿದ್ದಳು.

ಭಾವ ಮೊದಲು ಮಂಡಿಯ ಮೇಲಿನ ಕೈ ನೋಡಿದರು. ಗಾಳಿಯಲ್ಲಿದ್ದ ಬೆರಳು ನೋಡಿದರು. ತೇಪೆ ಹಾಕಿದ ಭುಜದಿಂದ ಕುತ್ತಿಗೆಗೆ ಬಂದರು. ಅಲ್ಲಿ ಫ್ರೇಮು ಮುಗಿದಿತ್ತು, ಆದರೆ ಅವರ ಕಣ್ಣು ನಿಲ್ಲಲಿಲ್ಲ. ಚಿನ್ನದ ಅಂಚನ್ನು ದಾಟಿ ಇನ್ನೂ ಒಂದು ಗೇಣು ಮೇಲೆ ಹೋಗಿ, ಸುಣ್ಣ ಉದುರಿದ ಬರೀ ಗೋಡೆಯ ಮೇಲೆ ನೆಟ್ಟಿತು. ಅಲ್ಲಿ ಎದುರಿಗೆ ಯಾರೋ ತಲೆಯೆತ್ತಿ ಇವರನ್ನೇ ನೋಡುತ್ತಿರುವ ಹಾಗೆ ಅವರ ಹುಬ್ಬು ಸಡಿಲಿತು, ತುಟಿಯ ಒಂದು ಕಡೆ ಮೆಲ್ಲಗೆ ಮೇಲೆದ್ದಿತು.

"ಬರ್ತೀನಿ ಕಣೋ" ಅಂದರು, ಗೋಡೆಯ ಆ ಜಾಗಕ್ಕೆ.